ಈಡು ಕಾಣದ ಪಿಸ್ತೂಲು

ನಮ್ಮ ಡೆಲ್ಮರ್ ಕ್ರೌಸ್ ಜಿಪುಣನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಓದುತ್ತ ಹೋದ ಹಾಗೆ ನಿಮಗೆ ಆ ಅನುಮಾನ ಬಂದೇ ಬರುತ್ತದೆ. ಅವನು ಧಾರಾಳವಾಗಿ ಸಾಮಾನು ತರುತ್ತಾನೆ. ತಂದದ್ದನ್ನು ಬಳಸುವುದಿಲ್ಲ, ಅಷ್ಟೆ. ಅವರ ಮನೆಯ ಸೋಫಾಕ್ಕೆ ಅಂಗಡಿಯವರು ಹೊದಿಸಿ ಕಳಿಸಿದ ಪ್ಲಾಸ್ಟಿಕ್ಕು ಇಪ್ಪತ್ತಾರು ವರ್ಷದಿಂದ ಹಾಗೇ ಇದೆ. ಜುಲೈ ತಿಂಗಳಲ್ಲಿ ಚಡ್ಡಿ ಹಾಕಿಕೊಂಡು ಅದರ ಮೇಲೆ ಕೂತವರು ಏಳುವಾಗ ತೊಡೆಯ ಚರ್ಮವನ್ನು ಅಲ್ಲೇ ಬಿಟ್ಟು ಏಳಬೇಕು. ಮದುವೆಗೆ ಉಡುಗೊರೆ ಬಂದ ಪಿಂಗಾಣಿ ತಟ್ಟೆಗಳು ಗಾಜಿನ ಬೀರುವಿನಲ್ಲಿ ನಿಂತೇ ಮುದಿಯಾಗಿವೆ, ಊಟ ಎಂದರೆ ಏನೆಂದು ಅವಕ್ಕೆ ಗೊತ್ತಿಲ್ಲ. "ಒಳ್ಳೇ ದಿನಕ್ಕಿರ್ಲಿ" ಎನ್ನುವುದು ಡೆಲ್ಮರನ ಮಂತ್ರ. ಆ ಒಳ್ಳೆಯ ದಿನ ಮದುವೆಯಾದಂದಿನಿಂದ ಇವತ್ತಿನವರೆಗೆ ಬಂದೇ ಇಲ್ಲ ಎಂದರೆ ಅವನ ಹೆಂಡತಿ ನೋರೀನಳಿಗೆ ಹೇಗನ್ನಿಸಬೇಡ!

ನಾನು ಅವರ ಪಕ್ಕದ ಮನೆಯ ಹಾರ್ಲನ್. ಕಸುಬು ಕ್ಷೌರ. ದಕ್ಷಿಣ ಇಂಡಿಯಾನಾದ ನಮ್ಮ ಪುಟ್ಟ ಊರಿನಲ್ಲಿ ಗುಟ್ಟು ಎನ್ನುವುದು ನನ್ನ ಅಂಗಡಿಯ ಕುರ್ಚಿಯ ಮೇಲೆ ಹುಟ್ಟಿ, ನಾನು ಕೂದಲು ಗುಡಿಸುವ ಹೊತ್ತಿಗೆ ಬೀದಿಯ ಕೊನೆ ಮುಟ್ಟಿರುತ್ತದೆ. ಅಂಥ ನಾನು ಒಂದು ಗುಟ್ಟನ್ನು ಏಳು ವಾರ ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದೆ. ನನ್ನ ತೂಕ ಆರು ಪೌಂಡು ಇಳಿಯಿತು.

ಊರಿನಲ್ಲೊಂದು ಕರಿಮದ್ದಿನ ಕ್ಲಬ್ಬಿದೆ. ಅಮೆರಿಕದ ಅಂತರ್ಯುದ್ಧದ ಕಾಲದ ಕೋವಿ, ಪಿಸ್ತೂಲುಗಳ ನಕಲು ಕೊಂಡು, ಅಂದಿನವರ ಹಾಗೆಯೇ ಮದ್ದು ಸುರಿದು, ಗುಂಡು ಜಡಿದು, ಮದ್ದಿಗೆ ಕಿಡಿ ಹಚ್ಚುವ ಕೇಪು ಇಟ್ಟು ಗುರಿ ಹೊಡೆಯುವವರ ಸಂಘ ಅದು. ಅಕ್ಟೋಬರಿನ ಎರಡನೇ ಶನಿವಾರ ದೊಡ್ಡ ಪಂದ್ಯ. ಡೆಲ್ಮರ್ ಇಪ್ಪತ್ತೆರಡು ವರ್ಷದಿಂದ ಅದರ ಸದಸ್ಯ. ಇಪ್ಪತ್ತೆರಡು ವರ್ಷದಲ್ಲಿ ಅವನು ಹಾರಿಸಿದ ಈಡುಗಳ ಸಂಖ್ಯೆ ಸೊನ್ನೆ. ಬೇರೆಯವರ ಗುರಿಕಾಗದ ಅಂಟಿಸುತ್ತಾನೆ, ತೂತು ಎಣಿಸುತ್ತಾನೆ, ಕಾಫಿ ಕಾಯಿಸುತ್ತಾನೆ. "ನೀನೂ ಒಂದು ಹೊಡಿಯೋ" ಎಂದರೆ, "ನಂದೇ ಅಂತ ಒಂದು ಒಳ್ಳೇ ಪಿಸ್ತೂಲು ಬರ್ಲಿ, ಆಮೇಲೆ ನೋಡು" ಎನ್ನುತ್ತಾನೆ. ಅವನ ಕಾಫಿ ಚೆನ್ನಾಗಿರುತ್ತಿತ್ತು, ಹಾಗಾಗಿ ಯಾರೂ ಹೆಚ್ಚು ಒತ್ತಾಯ ಮಾಡಲು ಹೋಗಲಿಲ್ಲ.

ಈ ಮಾತನ್ನು ಇಪ್ಪತ್ತೆರಡು ವರ್ಷ ಕೇಳಿದ ನೋರೀನ್, ಮದುವೆಯ ನಲವತ್ತನೇ ವಾರ್ಷಿಕೋತ್ಸವಕ್ಕೆ ಇನ್ನು ಎರಡು ದಿನ ಇದೆ ಎನ್ನುವಾಗ ನಮ್ಮ ಬೇಲಿಯ ಹತ್ತಿರ ಬಂದು ನಿಂತಳು. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ, ಕೈಯಲ್ಲಿ ಅವಳ ಅಡುಗೆಮನೆಯ ಕೊಬ್ಬಿನ ಡಬ್ಬಿ.

"ಹಾರ್ಲನ್, ಡೆಲ್ಮರ್ ಚರ್ಚಿನ ಬಾಯ್ಲರ್ ರಿಪೇರಿಗೆ ಹೋಗಿದ್ದಾನೆ. ಎರಡು ಗಂಟೆ ಬರಲ್ಲ. ನಡಿ, ನಿನ್ನ ಹಿತ್ತಲಿನ ಮಣ್ಣು ದಿಬ್ಬದ ಹತ್ರ."

"ಏನಿದೆ ಪೆಟ್ಟಿಗೇಲಿ?"

"ಪಿಸ್ತೂಲು. ಮದ್ದು ನಿನ್ನ ಹತ್ರ ಇದೆ. ಗುಂಡಿನ ಮೇಲೆ ಬಳಿಯೋಕೆ ಕೊಬ್ಬು ನಾನೇ ತಂದಿದ್ದೀನಿ."

ಪೆಟ್ಟಿಗೆ ತೆಗೆದವನು ಹಾಗೇ ನಿಂತುಬಿಟ್ಟೆ. ಕೆಂಪು ಮಖಮಲ್ಲಿನ ಮೇಲೆ ನೀಲಿ ಉಕ್ಕಿನ ಆರು ಈಡಿನ ಪಿಸ್ತೂಲು, ಹಿತ್ತಾಳೆಯ ಹಿಡಿಕಟ್ಟು, ಗುಂಡು ತುಂಬುವ ಉರುಳೆಯ ಸುತ್ತ ಕುದುರೆ ಸವಾರರ ಕೆತ್ತನೆ. ಪಕ್ಕದಲ್ಲಿ ದಪ್ಪ ಕಾಗದದ ಪ್ರಮಾಣಪತ್ರ. ಇಂಥ ಐನೂರರಲ್ಲಿ ಇದು ಮುನ್ನೂರ ಹದಿನೇಳನೆಯದೆಂದೂ, ಇದು ಅಪ್ಪಟ ಅಸಲಿ ನಕಲೆಂದೂ ಯಾರೋ ದೊಡ್ಡವರು ಸಹಿ ಹಾಕಿದ್ದರು.

"ನೋರೀನ್, ಇದು ಸಂಗ್ರಹ ಮಾಡೋರು ಇಟ್ಕೊಳ್ಳೋ ಮಾಲು ಕಣೆ. ಇದನ್ನ ಹೊಡೆಯಲ್ಲ."

"ಮತ್ತೆ ಏನ್ ಮಾಡ್ತಾರೆ, ತೊಟ್ಟಿಲಲ್ಲಿ ಹಾಕಿ ತೂಗ್ತಾರಾ? ಕಲ್ಲಂಗಡಿ ಹಣ್ಣನ್ನೇ ತಟ್ಟಿ ನೋಡ್ದೆ ತರೋಳಲ್ಲ ನಾನು. ಪಂದ್ಯದ ದಿನ ಅಷ್ಟು ಜನರೆದುರು ಅವನು ಪಿಸ್ತೂಲಿನ ಕುದುರೆ ಎಳೆದಾಗ ಇದು ಟುಸ್ ಅಂದ್ರೆ ಏನ್ ಗತಿ? ಮೊದ್ಲೇ ನಾಚಿಕೆ ಸ್ವಭಾವ ಅವನದ್ದು. ಇನ್ನೊಂದು ಇಪ್ಪತ್ತೆರಡು ವರ್ಷ ಕಾಫಿ ಕಾಯಿಸ್ಕೊಂಡೇ ಇರ್ತಾನೆ."

ತುಂಬಿಕೊಟ್ಟೆ. ನೋರೀನ್ ಏಪ್ರನ್ನು ಸರಿಮಾಡಿಕೊಂಡು, ನಾಲಿಗೆಯ ತುದಿಯನ್ನು ಬಾಯಿಯ ಮೂಲೆಗೆ ಒತ್ತಿ ಹಿಡಿದು ಆರು ಈಡು ಹಾರಿಸಿದಳು. ಹೊಗೆ ಕರಗಿದ ಮೇಲೆ ಹೋಗಿ ನೋಡಿದರೆ ಐದು ಗುಂಡು ಕರಿ ವೃತ್ತದ ಒಳಗೆ, ಒಂದು ಅದರ ಅಂಚಿನಾಚೆ. ನಾನು ಕ್ಲಬ್ಬಿನ ಹಳೆಯ ಚಾಂಪಿಯನ್, ನನಗೇ ಆ ವರ್ಷ ನಾಲ್ಕರ ಮೇಲೆ ಬಿದ್ದಿರಲಿಲ್ಲ.

"ಎಲ್ಲಿ ಕಲಿತೆ?"

"ಐವತ್ತು ವರ್ಷದಿಂದ ಸೂಜಿಗೆ ದಾರ ಪೋಣಿಸ್ತಿದ್ದೀನಿ. ಇದೇನ್ ಮಹಾ."

ಕರಿಮದ್ದು ಹೊಡೆದ ಪಿಸ್ತೂಲನ್ನು ಅಂದೇ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ನೋರೀನ್ ನಮ್ಮ ಅಡುಗೆಮನೆಯ ಸಿಂಕಿನಲ್ಲಿ ಪಾತ್ರೆ ತೊಳೆಯುವ ಸೋಪು, ಬಿಸಿನೀರು ಹಾಕಿ ಅದನ್ನು ತಿಕ್ಕಿದಳು. ಓವನ್ನಿನಲ್ಲಿ ಸಣ್ಣ ಉರಿಗಿಟ್ಟು ಒಣಗಿಸಿದಳು. ಆಮೇಲೆ ತನ್ನ ಡಬ್ಬಿಯ ಕೊಬ್ಬನ್ನೇ ತೆಳ್ಳಗೆ ಒಳಗೂ ಹೊರಗೂ ಸವರಿದಳು. ಆ ಡಬ್ಬಿಯಲ್ಲಿ ಯಾವಾಗಲೂ ಒಂದು ತುಂಡು ಚಕ್ಕೆ ಇರುತ್ತದೆ, ಪೈ ಎಂಬ ಸಿಹಿ ಕಡುಬಿನ ಹಿಟ್ಟಿಗೆ ಪರಿಮಳ ಬರಲಿ ಎಂದು. ಅದು ಅವಳ ತಾಯಿಯ ಪದ್ಧತಿ. ಊರಿನಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಪಿಸ್ತೂಲನ್ನು ಮಖಮಲ್ಲಿನ ಮೇಲೆ ಮಲಗಿಸಿ, ತೂತುಬಿದ್ದ ಗುರಿಕಾಗದವನ್ನು ಅದೇ ಜಿಡ್ಡು ಕೈಯಲ್ಲಿ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

"ಅದ್ಯಾಕೆ?" ಎಂದೆ.

"ಸುಮ್ನೆ," ಎಂದಳು.

ವಾರ್ಷಿಕೋತ್ಸವದ ದಿನದ ಊಟಕ್ಕೆ ಕರೆದದ್ದು ಇಬ್ಬರನ್ನೇ, ನನ್ನನ್ನು ಮತ್ತು ನೋರೀನಳ ಅಣ್ಣ ವರ್ನನ್‌ನನ್ನು. ಈ ವರ್ನನ್ ಸಂಗ್ರಹಕಾರ. ಅವನ ಮನೆಯಲ್ಲಿ ನೂರ ನಲವತ್ತು ಸ್ಮರಣಾರ್ಥ ತಟ್ಟೆಗಳು ಗೋಡೆಯ ಮೇಲಿವೆ, ಅವನು ಉಣ್ಣುವುದು ಕಾಗದದ ತಟ್ಟೆಯಲ್ಲಿ. ಯಾವ ವಸ್ತುವಿನ ಬಗ್ಗೆ ಕೇಳಿದರೂ ಅವನಿಗೆ ಗೊತ್ತು. ಕೇಳದಿದ್ದರೂ ಗೊತ್ತು.

ಡೆಲ್ಮರ್ ಪೆಟ್ಟಿಗೆ ತೆರೆದ.

"ನಂದಾ?"

"ನಿಂದೇ," ಎಂದಳು ನೋರೀನ್. "ಪಂದ್ಯಕ್ಕೆ."

ಡೆಲ್ಮರ್ ಕೈ ಚಾಚಿದ.

"ಮುಟ್ಬೇಡ!" ವರ್ನನ್ ಕೂಗಿದ ರಭಸಕ್ಕೆ ನನ್ನ ಚಮಚ ಕೆಳಗೆ ಬಿತ್ತು. "ಬೆರಳಿನ ಬೆವರು ಕಣೋ! ಬೆವರು ಅಂದ್ರೆ ಉಪ್ಪು, ಉಪ್ಪು ಅಂದ್ರೆ ತುಕ್ಕು! ಹೊಡೀತಾನಂತೆ ಪಂದ್ಯದಲ್ಲಿ! ಒಂದು ಈಡು ಹೊಡೆದ್ರೆ ಅರ್ಧ ಬೆಲೆ ಹೋಯ್ತು. ಸುಮ್ನೆ ಕುದುರೆ ಎಳೆದ್ರೂ ಉರುಳೆ ಮೇಲೆ ಗೆರೆ ಬೀಳುತ್ತೆ. ಹೊಡೆದ್ಮೇಲೆ ಇದು ಬರೀ ಪಿಸ್ತೂಲು."

"ಈಗ ಏನಿದು?" ನಾನು ಕೇಳಿದೆ.

"ಈಗ ಚರಿತ್ರೆ!" ವರ್ನನ್ ಕನ್ನಡಕ ಹಾಕಿಕೊಂಡು ತಂಗಿಯ ಕಡೆ ತಿರುಗಿದ. "ನೋರೀನ್, ಇದನ್ನ ಯಾರೂ ಹೊಡೆದಿಲ್ಲ ತಾನೆ?"

ನೋರೀನ್ ನನ್ನ ಮುಖ ನೋಡಿದಳು. ನಾನು ಆಲೂಗಡ್ಡೆಯ ಮುಖ ನೋಡಿದೆ. ಅವಳು ಹೇಳಿಯೇಬಿಡುತ್ತಿದ್ದಳೇನೋ, ಅಷ್ಟರಲ್ಲಿ ಡೆಲ್ಮರ್ ಬಾಯಿಬಿಟ್ಟ.

"ನೋರೀನ್," ಎಂದ ಮೆತ್ತಗೆ, "ಯಾರೂ ಮುಟ್ಟದ ವಸ್ತು ಅಂತ ನನ್ನ ಜೀವಮಾನದಲ್ಲಿ ನನಗೆ ಯಾರಾದ್ರೂ ಕೊಟ್ಟಿದ್ದು ಇದೇ ಮೊದ್ಲು ಕಣೆ. ಅಂಗಿ ಅಣ್ಣನದ್ದು, ಬೂಟು ಅಣ್ಣನದ್ದು, ಸೈಕಲ್ಲು ಚಿಕ್ಕಪ್ಪನ ಮಗನದ್ದು. ಎಲ್ಲಾ ಯಾರೋ ಹಾಕಿ ಬಿಟ್ಟಿದ್ದೇ."

ಐದು ಗಂಡುಮಕ್ಕಳಲ್ಲಿ ಅವನು ಕೊನೆಯವನು. ಅದು ನನಗೆ ಮೊದಲಿಂದ ಗೊತ್ತಿತ್ತು. ಆದರೆ ಸೋಫಾದ ಪ್ಲಾಸ್ಟಿಕ್ಕಿಗೂ ಅದಕ್ಕೂ ಸಂಬಂಧ ಇದೆ ಎಂದು ಹೊಳೆದದ್ದು ಆವತ್ತೇ. ಹೀಗೆ ಹೇಳುವ ಗಂಡನ ಎದುರು ಯಾವ ಹೆಂಡತಿ ತಾನೆ ನಿಜ ಹೇಳಿಯಾಳು?

"ಯಾರು ಹೊಡೀತಾರೆ," ಎಂದುಬಿಟ್ಟಳು ನೋರೀನ್. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆವತ್ತು ಎರಡೂ ಹೋದವು.

ಮರುದಿನದಿಂದ ಆ ಮನೆಯಲ್ಲಿ ಪಿಸ್ತೂಲಿನ ಸೇವೆ ಶುರುವಾಯಿತು. ಪೆಟ್ಟಿಗೆ ಊಟದ ಮೇಜಿನ ನಡುವೆ ಕೂತಿತು, ಊಟ ಅಡುಗೆಮನೆಯ ಸ್ಟೂಲಿಗೆ ಹೋಯಿತು. ತೇವ ಹೀರಲಿ ಎಂದು ಪೆಟ್ಟಿಗೆಯ ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಅಕ್ಕಿ. ದಿನಕ್ಕೆ ಎರಡು ಸಲ ಡೆಲ್ಮರ್ ಬಿಳಿ ಕೈಗವಸು ಹಾಕಿಕೊಂಡು, ಕುದುರೆ ಎಳೆಯದೆ, ಉರುಳೆ ತಿರುಗಿಸದೆ, ಪಿಸ್ತೂಲನ್ನು ಎತ್ತಿ ನೋಡಿ ಇಡುತ್ತಿದ್ದ. ಉಸಿರಿನಲ್ಲೂ ತೇವ ಇರುತ್ತದೆ ಎಂದು ವರ್ನನ್ ಹೆದರಿಸಿದ್ದರಿಂದ ಮೂಗು ಬಾಯಿ ಮುಚ್ಚುವಂತೆ ಕೆಂಪು ಕರವಸ್ತ್ರ ಬೇರೆ ಕಟ್ಟಿಕೊಳ್ಳುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವನು ಹಾಡಹಗಲಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪಿಸ್ತೂಲು ಹಿಡಿದು ಬೀದಿ ಕಿಟಕಿಯ ಬೆಳಕಿಗೆ ನಿಂತ.

ಟಪಾಲು ಹಂಚುವ ಹೆಂಗಸು ಅದನ್ನು ಕಂಡಳು. ಬ್ಯಾಂಕಿನ ದರೋಡೆಕೋರರು ಕ್ರೌಸ್ ದಂಪತಿಯನ್ನು ಒತ್ತೆ ಹಿಡಿದಿದ್ದಾರೆ ಎಂಬ ಸುದ್ದಿ ಹತ್ತು ನಿಮಿಷದಲ್ಲಿ ಠಾಣೆ ಮುಟ್ಟಿತು. ನಮ್ಮ ಶೆರಿಫನ ಕೈಕೆಳಗಿನ ಡ್ವೇನ್ ಬಂದು, ಗಾಡಿಯ ಬಾಗಿಲ ಹಿಂದೆ ಅವಿತು ಕೂಗಿದ.

"ಯಾರೇ ಆಗಿರಿ, ಪಿಸ್ತೂಲು ಕೆಳಗಿಡಿ!"

"ಇಡ್ತೀನಪ್ಪಾ," ಒಳಗಿನಿಂದ ಡೆಲ್ಮರನ ದನಿ. "ಆದ್ರೆ ಮಖಮಲ್ಲಿನ ಮೇಲೇ ಇಡ್ಬೇಕು. ಸ್ವಲ್ಪ ತಡಿ, ಅವಸರ ಮಾಡ್ಬೇಡ."

"ಡೆಲ್ಮರ್? ನೀವಾ? ಕೈ ಮೇಲೆತ್ತಿ!"

"ಕೈಗವಸು ಬಿಚ್ಚಿ ಎತ್ಲಾ, ಹಾಕ್ಕೊಂಡೇ ಎತ್ಲಾ?"

ಕಾಲು ಗಂಟೆಯ ಮೇಲೆ ನಾನು ಹೋದಾಗ ಡ್ವೇನ್ ಬೂಟು ಬಿಚ್ಚಿ ಹೊರಗಿಟ್ಟು, ತಾನೂ ಕರವಸ್ತ್ರ ಕಟ್ಟಿಕೊಂಡು, ಕೈ ಹಿಂದೆ ಕಟ್ಟಿ ಚರಿತ್ರೆಯ ದರ್ಶನ ಮಾಡುತ್ತಿದ್ದ.

ಅಲ್ಲಿಂದ ಊರು ಎರಡು ಭಾಗವಾಯಿತು. ಹೊಡೆಯಬೇಕು ಎನ್ನುವವರು ನನ್ನ ಅಂಗಡಿಯ ಎಡಗಡೆಯ ಬೆಂಚಿನಲ್ಲಿ, ಇಡಬೇಕು ಎನ್ನುವವರು ಬಲಗಡೆಯ ಬೆಂಚಿನಲ್ಲಿ. ನಾನು ನಡುವೆ ಕತ್ತರಿ ಹಿಡಿದು, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ನಿಂತಿದ್ದೆ. ಒಂದು ಭಾನುವಾರ ಪಾದ್ರಿಗಳು ಚರ್ಚಿನಲ್ಲಿ ಒಂದು ನೀತಿಕಥೆ ಹೇಳಿದರು. ಯಜಮಾನ ಕೊಟ್ಟ ನಾಣ್ಯವನ್ನು ಬಳಸದೆ ಮಣ್ಣಿನಲ್ಲಿ ಹೂತಿಟ್ಟ ಆಳಿನ ಕಥೆ. ಡೆಲ್ಮರನ ಕಿವಿ ಕೆಂಪಾಯಿತು. ಪ್ರಾರ್ಥನೆ ಮುಗಿದ ಕೂಡಲೇ ಬಾಗಿಲಲ್ಲಿ ಅವರನ್ನು ಹಿಡಿದ.

"ಪಾದ್ರಿಗಳೇ, ಹಾಗಾದ್ರೆ ಹೊಡೀಲೇಬೇಕು ಅಂತೀರಾ?"

ಪಾದ್ರಿಗಳೂ ಕ್ಲಬ್ಬಿನವರೇ, ಆದರೆ ಎರಡೂ ಬೆಂಚಿನವರ ಕಾಣಿಕೆ ಅವರಿಗೆ ಬೇಕು. "ನಾನು ಪಿಸ್ತೂಲಿನ ವಿಷಯ ಹೇಳ್ಲಿಲ್ಲ ಮಾರಾಯ. ಆ ಕಥೆ ಎರಡು ಸಾವಿರ ವರ್ಷ ಹಳೇದು."

"ಎರಡು ಸಾವಿರ ವರ್ಷ ಕೆಡದೆ ಉಳಿದಿದೆ ಅಂದ್ರೆ ಯಾರೋ ಜೋಪಾನವಾಗಿ ಇಟ್ಟಿದ್ದಕ್ಕೇ ತಾನೆ?" ಎಂದ ಡೆಲ್ಮರ್. ಪಾದ್ರಿಗಳು ಉತ್ತರಕ್ಕಾಗಿ ಆಕಾಶ ನೋಡಿದರು. ಅಲ್ಲಿಂದಲೂ ಬರಲಿಲ್ಲ.

ಅದೇ ಸಂಜೆ ನೋರೀನ್ ಬೇಲಿಗೆ ಒರಗಿ ನಿಂತಿದ್ದಳು. ನಗುನಗುತ್ತಲೇ ಮಾತಾಡುವ ಹೆಂಗಸು, ಆವತ್ತು ಕಣ್ಣು ಒದ್ದೆ.

"ಹಾರ್ಲನ್, ಇಪ್ಪತ್ತಾರು ವರ್ಷ ಪ್ಲಾಸ್ಟಿಕ್ಕಿನ ಮೇಲೆ ಕೂತೆ, ಬೇಜಾರಾಗ್ಲಿಲ್ಲ. ಇವನ ಕೈ ಒಂದು ಸಲ ಮಸಿಯಾಗ್ಲಿ, ಎಲ್ಲರ ಜೊತೆ ಒಂದು ಸಲ ಗೆರೆ ಮೇಲೆ ನಿಲ್ಲಲಿ ಅಂತ ಬಟನ್ನಿನ ಡಬ್ಬಿಯಲ್ಲಿ ಎರಡು ವರ್ಷ ದುಡ್ಡು ಕೂಡಿಸ್ದೆ. ಈಗ ನೋಡು, ಇನ್ನೊಂದು ಪಿಂಗಾಣಿ ತಟ್ಟೆ ತಂದು ಕೊಟ್ಟ ಹಾಗಾಯ್ತು. ಈ ಪಂದ್ಯದಲ್ಲೂ ಅವನು ಕಾಫಿ ಕಾಯಿಸ್ತಾ ನಿಂತ್ರೆ ನನ್ನ ಕೈಲಿ ನೋಡೋಕಾಗಲ್ಲ."

"ನಿಜ ಹೇಳ್ಬಿಡು ಹಾಗಾದ್ರೆ. ಆಗ್ಲೇ ಹೊಡೆದಿದ್ದು ಅಂತ ಗೊತ್ತಾದ್ರೆ ಅವನೂ ಹೊಡೀತಾನೆ."

"ಯಾರೂ ಮುಟ್ಟದ್ದು ನನಗೆ ಬಂತು ಅಂತ ಅವನು ಹೇಳುವಾಗ ಮುಖ ನೋಡಿದ್ಯಾ ನೀನು? ಅದನ್ನ ಹೇಗೋ ಕಿತ್ಕೊಳ್ಲಿ?"

ನುಂಗಲಾರದ ಬಿಸಿ ತುಪ್ಪವನ್ನು ಇಬ್ಬರೂ ಬಾಯಲ್ಲಿ ಇಟ್ಟುಕೊಂಡು ಬೇಲಿಯ ಈಚೆಗೂ ಆಚೆಗೂ ನಿಂತೆವು.

ಪಂದ್ಯಕ್ಕೆ ಒಂದು ವಾರ ಇರುವಾಗ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಹಳೆಯ ಕೋವಿಗಳ ಪ್ರದರ್ಶನ ನಡೆಯಿತು. ನದಿಯಾಚೆಯ ಪಟ್ಟಣದಿಂದ ಒಬ್ಬ ಪರೀಕ್ಷಕ ಬಂದಿದ್ದ. ಬಿಲ್ಲೆ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಯಾವ ವಸ್ತು ಎಷ್ಟು ಅಪ್ಪಟ ಎಂದು ಬರೆದುಕೊಡುವ ಮನುಷ್ಯ. ವರ್ನನ್ ಬಲವಂತ ಮಾಡಿ ನಮ್ಮನ್ನೆಲ್ಲ ಅವನ ಮುಂದೆ ಕರೆದೊಯ್ದ. ಡೆಲ್ಮರ್ ಪೆಟ್ಟಿಗೆಯನ್ನು ಕೈಗೂಸಿನ ಹಾಗೆ ಎದೆಗವಚಿಕೊಂಡಿದ್ದ, ಮುಖಕ್ಕೆ ಕರವಸ್ತ್ರ ಇದ್ದೇ ಇತ್ತು. ನೋರೀನಳ ಮುಖ ಬಿಳಿಚಿಹೋಗಿತ್ತು.

ಪರೀಕ್ಷಕ ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಉರುಳೆ ಮೇಲೆ ಸಣ್ಣದೊಂದು ಗೆರೆ ಇದೆ," ಎಂದ.

ನೋರೀನ್ ನನ್ನ ತೋಳು ಹಿಡಿದುಕೊಂಡಳು.

"ಇದು ಕಾರ್ಖಾನೆಯಲ್ಲಿ ತಿರುಗಿಸಿ ನೋಡಿದ ಗೆರೆ. ನೋಡಿ, ಎಷ್ಟು ತೆಳ್ಳಗಿದೆ. ಅನುಭವ ಇಲ್ಲದವರು ಇದನ್ನ ಹೊಡೆದಿದ್ದು ಅಂದುಬಿಡ್ತಾರೆ," ಎಂದು ನಕ್ಕು, ನಳಿಗೆಯನ್ನು ಮೂಗಿನ ಹತ್ತಿರ ತಂದ. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದ. "ಆಹಾ! ಮೂವತ್ತು ವರ್ಷದ ಅನುಭವದಲ್ಲಿ ಇಂಥದ್ದು ನೋಡಿಲ್ಲ. ಕಾರ್ಖಾನೆಯ ಮೂಲ ಗ್ರೀಸು! ಒಂಚೂರೂ ಒರೆಸಿಲ್ಲ! ಮಹಿಳೆಯರೇ, ಮಹನೀಯರೇ, ಈ ಪಿಸ್ತೂಲು ಒಂದೇ ಒಂದು ಈಡನ್ನೂ ಕಂಡಿಲ್ಲ."

"ಹೇಳ್ಲಿಲ್ವಾ ನಾನು!" ಎಂದ ವರ್ನನ್ ಎಲ್ಲರಿಗೂ ಕೇಳುವಂತೆ.

"ನೀವೂ ನೋಡಿ ಸರ್," ಪರೀಕ್ಷಕ ಡೆಲ್ಮರನಿಗೆ ಹೇಳಿದ. "ಕರವಸ್ತ್ರ ತೆಗೀರಿ. ಇದು ಜೀವಮಾನದಲ್ಲಿ ಒಂದೇ ಸಲ ಸಿಗೋ ವಾಸನೆ."

ಆರು ವಾರದಲ್ಲಿ ಮೊದಲ ಬಾರಿಗೆ ಡೆಲ್ಮರ್ ಕರವಸ್ತ್ರ ಕೆಳಗಿಳಿಸಿ ಆ ಪಿಸ್ತೂಲನ್ನು ಮೂಸಿದ. ಮತ್ತೊಂದು ಸಲ ಮೂಸಿದ. ಅವನ ಕಣ್ಣಲ್ಲಿ ನೀರು ತುಂಬಿಬಂತು. ಸರ್ಟಿಫಿಕೇಟು ಸಿಕ್ಕ ಸಂತೋಷ ಎಂದು ವರ್ನನ್ ಬೆನ್ನು ತಟ್ಟಿದ. ನಾನೂ ಹಾಗೇ ಅಂದುಕೊಂಡೆ. ಪರೀಕ್ಷಕನ ಕಾಗದವನ್ನು ಡೆಲ್ಮರ್ ಜೇಬಿಗೆ ಹಾಕಿಕೊಂಡು ಹೆಂಡತಿಯ ಕೈ ಹಿಡಿದು ಮನೆಗೆ ನಡೆದ.

ಸೋಮವಾರ ಬೆಳಗ್ಗೆ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. ಅವನ ತಲೆಯಲ್ಲಿ ಕತ್ತರಿಸುವಂಥದ್ದು ಏನೂ ಇರಲಿಲ್ಲ, ಆದರೂ ಬಟ್ಟೆ ಹೊದಿಸಿದೆ.

"ಹಾರ್ಲನ್, ನಿನ್ನ ಹಿತ್ತಲಿನ ದಿಬ್ಬದಲ್ಲಿ ಈಗ್ಲೂ ಗುರಿ ಹೊಡೀಬಹುದಾ?"

ನನ್ನ ಕತ್ತರಿ ಅವನ ಕಿವಿಗೆ ತಾಗಿತು. "ಹೊಡೀ... ಬಹುದು. ಯಾಕೆ?"

"ಸುಮ್ನೆ," ಎಂದ ಕಿವಿ ಒರೆಸಿಕೊಳ್ಳುತ್ತ. ಆಮೇಲೆ ಎರಡೂ ಬೆಂಚಿನವರ ಕಡೆ ತಿರುಗಿ, "ಶನಿವಾರ ನಾನು ಹೊಡೀತೀನಿ," ಎಂದ.

ಎಡ ಬೆಂಚು ಕುಣಿಯಿತು. ಬಲ ಬೆಂಚು ತಲೆಯ ಮೇಲೆ ಕೈಹೊತ್ತು ಕೂತಿತು. ವರ್ನನ್ ಬಂದು, ತಂಗಿಯ ಗಂಡನಿಗೆ ಬುದ್ಧಿ ಕೆಟ್ಟಿದೆ, ಡಾಕ್ಟರಿಗೆ ತೋರಿಸಿ ಎಂದು ಅತ್ತೇಬಿಟ್ಟ. ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ನೋರೀನ್. ತನ್ನ ಖುಷಿಗೋಸ್ಕರ ಗಂಡ ತನ್ನ ಏಕೈಕ ಹೊಸ ವಸ್ತುವನ್ನು ಹಾಳುಮಾಡಿಕೊಳ್ಳುತ್ತಿದ್ದಾನೆ, ಅದೂ ಹೊಸದೇ ಅಲ್ಲದ್ದನ್ನು ಹೊಸದೆಂದು ನಂಬಿಕೊಂಡು! ಆ ವಾರ ಅವಳು ಮಾಡಿದ ಪೈಗಳಲ್ಲಿ ಸಕ್ಕರೆಯ ಬದಲು ಉಪ್ಪಿತ್ತು. ಡೆಲ್ಮರ್ ತಕರಾರಿಲ್ಲದೆ ತಿಂದ.

ಶನಿವಾರ ಮೈದಾನದಲ್ಲಿ ಊರಿಗೆ ಊರೇ ಸೇರಿತು. ಅಂದು ಕಾಫಿಯನ್ನು ಡ್ವೇನ್ ಕಾಯಿಸಿದ್ದ, ಕುಡಿಯುವ ಹಾಗಿರಲಿಲ್ಲ. ಡೆಲ್ಮರ್ ಕೈಗವಸಿಲ್ಲದೆ, ಕರವಸ್ತ್ರವಿಲ್ಲದೆ ಬಂದು ಗೆರೆಯ ಮೇಲೆ ನಿಂತ. ಅವನ ಪಕ್ಕದ ಗುರಿ ಪಾದ್ರಿಗಳದ್ದು. ಪಾದ್ರಿಗಳು ಆಗಷ್ಟೇ ತಮ್ಮ ಐದು ಈಡು ಮುಗಿಸಿ, ಒಂದೂ ತಾಗದೆ, ಆರನೆಯದಕ್ಕೆ ಬೆವರು ಒರೆಸಿಕೊಳ್ಳುತ್ತಿದ್ದರು.

"ಇನ್ನೂ ಕಾಲ ಮಿಂಚಿಲ್ಲ ಕಣೋ!" ಹಗ್ಗದಾಚೆಯಿಂದ ವರ್ನನ್ ಕೂಗಿದ.

ಡೆಲ್ಮರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಉರುಳೆಯ ಆರು ಗೂಡಿಗೂ ಮದ್ದು ಸುರಿದ, ಗುಂಡು ಜಡಿದ. ಇಪ್ಪತ್ತೆರಡು ವರ್ಷ ನೋಡಿ ಕಲಿತ ಕೈ, ಒಂದು ಚಿಟಿಕೆ ಮದ್ದೂ ಚೆಲ್ಲಲಿಲ್ಲ. ಗುಂಡಿನ ಮೇಲೆ ಕೊಬ್ಬು ಬಳಿಯುವ ಹೊತ್ತು ಬಂತು. ಅವನು ಕೋಟಿನ ಜೇಬಿಗೆ ಕೈಹಾಕಿ ಒಂದು ಡಬ್ಬಿ ತೆಗೆದ. ನೋರೀನಳ ಅಡುಗೆಮನೆಯ ಡಬ್ಬಿ. ಮುಚ್ಚಳ ತೆಗೆದು, ಚಕ್ಕೆಯ ತುಂಡನ್ನು ಪಕ್ಕಕ್ಕೆ ಸರಿಸಿ, ಬೆರಳಿನಿಂದ ಒಂದಿಷ್ಟು ತೆಗೆದು ಸವರತೊಡಗಿದ.

ನೋರೀನ್ ಹಗ್ಗದ ಕೆಳಗೆ ನುಸುಳಿ ಓಡಿಬಂದಳು.

"ಡೆಲ್ಮರ್! ನಿನಗೆ ಗೊತ್ತು!"

"ನಲವತ್ತು ವರ್ಷ ನಿನ್ನ ಪೈ ತಿಂದಿದ್ದೀನಿ ಕಣೆ," ಎಂದ ಅವನು ತಲೆಯೆತ್ತದೆ. "ಅಷ್ಟೂ ಗೊತ್ತಾಗಲ್ವಾ? ಎಷ್ಟು ಹೊಡೆದೆ?"

"ಆರು." ಅವಳ ದನಿ ಮೈದಾನಕ್ಕೆಲ್ಲ ಕೇಳುತ್ತಿತ್ತು. "ಹಾರ್ಲನ್ ಹಿತ್ತಲಲ್ಲಿ. ಅವನ ಸಿಂಕಿನಲ್ಲಿ ತೊಳೆದೆ, ಓವನ್ನಿನಲ್ಲಿ ಒಣಗಿಸ್ದೆ. ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ."

"ಕಾರ್ಖಾನೆಯ ಮೂಲ ಗ್ರೀಸು!" ಎಂದು ನರಳಿ ವರ್ನನ್ ಹುಲ್ಲಿನ ಮೇಲೆ ಕೂತ. ಇಡೀ ಊರು ತಿರುಗಿ ನನ್ನನ್ನು ನೋಡಿತು. ಒಬ್ಬ ಕ್ಷೌರಿಕ ಏಳು ವಾರ ಬಾಯಿ ಮುಚ್ಚಿಕೊಂಡಿದ್ದ ಎನ್ನುವುದು ಅವರಿಗೆ ಪಿಸ್ತೂಲಿನ ಸುದ್ದಿಗಿಂತ ದೊಡ್ಡ ಆಘಾತವಾಗಿತ್ತು.

"ಹಾಗಾದ್ರೆ ಇದು ಹೊಸದಲ್ಲ," ಎಂದ ಡೆಲ್ಮರ್.

"ಅಲ್ಲ. ತಪ್ಪಾಯ್ತು ಕಣೋ."

"ಅಣ್ಣನ ಅಂಗಿ ಹಾಗೇ ಆಯ್ತು, ಬೇರೆಯವರು ಹಾಕಿ ನೋಡಿದ್ದೇ."

ನೋರೀನ್ ತಲೆ ತಗ್ಗಿಸಿದಳು. ಡೆಲ್ಮರ್ ಜಿಡ್ಡಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನು ಒಳ್ಳೆಯ ಪ್ಯಾಂಟು ಹಾಕಿಕೊಂಡು ಬಂದಿದ್ದ.

"ಆದ್ರೆ ನೋರೀನ್," ಎಂದ, "ಆ ಅಂಗಿ ನನಗೆ ಸರಿಹೋಗುತ್ತಾ, ಎಲ್ಲಾದ್ರೂ ಹರಿದಿದ್ಯಾ ಅಂತ ಕೊಡೋ ಮೊದ್ಲು ಯಾರೂ ನೋಡಿರ್ಲಿಲ್ಲ ಕಣೆ. ಒಬ್ರೂ ನೋಡಿರ್ಲಿಲ್ಲ."

ಅವಳು ಅವನ ಕೋಟಿಗೆ ಮುಖವಿಟ್ಟು ಅತ್ತಳು. ಮದ್ದು ತುಂಬಿದ ಪಿಸ್ತೂಲನ್ನು ಡೆಲ್ಮರ್ ಒಂದು ಕೈಯಲ್ಲಿ ಗುರಿಯ ಕಡೆಗೇ ಹಿಡಿದಿದ್ದ, ಇನ್ನೊಂದು ಕೈ ಅವಳ ಬೆನ್ನಿನ ಮೇಲಿತ್ತು. ನಿಯಮದ ಪ್ರಕಾರ ಗೆರೆಯ ಮೇಲೆ ಒಂದು ಗುರಿಯ ಎದುರು ಒಬ್ಬರಿಗಿಂತ ಹೆಚ್ಚು ಜನ ನಿಲ್ಲಬಾರದು. ಪಂದ್ಯದ ಅಧಿಕಾರಿ ನಾನೇ ಆದ್ದರಿಂದ ಆಕಾಶ ನೋಡುತ್ತ ನಿಂತೆ.

ಆಮೇಲೆ ಕೇಪು ಇಟ್ಟು ಡೆಲ್ಮರ್ ಆರು ಈಡು ಹಾರಿಸಿದ. ಹೊಗೆ ಎಷ್ಟೆಂದರೆ ಸ್ವಲ್ಪ ಹೊತ್ತು ಊರೇ ಕಾಣಲಿಲ್ಲ. ತೂತು ಎಣಿಸಲು ಹೋದವರಿಗೆ ಅವನ ಗುರಿಕಾಗದ ಮಾತ್ರ ಅಂಗಡಿಯಿಂದ ಬಂದ ಹಾಗೇ ಸಿಕ್ಕಿತು. ಐದು ಗುಂಡು ಮಣ್ಣಿಗೆ ಹೋಗಿದ್ದವು. ಆರನೆಯದು ಪಕ್ಕಕ್ಕೆ ಹೋಗಿ ಪಾದ್ರಿಗಳ ಗುರಿಯ ನಟ್ಟನಡುವೆ ಕೂತಿತ್ತು.

"ದೇವರು ಕೊಟ್ಟದ್ದನ್ನ ಬೇಡ ಅನ್ನಬಾರದು," ಎಂದು ಪಾದ್ರಿಗಳು ಆ ಕಾಗದವನ್ನು ಸುರುಳಿ ಸುತ್ತಿಕೊಂಡರು.

ಡೆಲ್ಮರನ ಕೈ, ಮೂಗು, ಹುಬ್ಬು ಎಲ್ಲ ಮಸಿ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೂವತ್ತು ವರ್ಷದ ನೆರೆಹೊರೆಯಲ್ಲಿ ಕಂಡಿರಲಿಲ್ಲ. ಅಂದು ಅವರ ಮನೆಯಲ್ಲಿ ನಾವೆಲ್ಲ ಊಟ ಮಾಡಿದ್ದು ಪಿಂಗಾಣಿ ತಟ್ಟೆಯಲ್ಲಿ. ಒಂದನ್ನು ವರ್ನನ್ ಒಡೆದ. "ಹೋಗ್ಲಿ ಬಿಡು, ಒಳ್ಳೇ ದಿನ," ಎಂದ ಡೆಲ್ಮರ್. ಸೋಫಾದ ಪ್ಲಾಸ್ಟಿಕ್ಕನ್ನು ಮರುವಾರ ಕಸದ ಗಾಡಿಯವರು ಒಯ್ದರು.

ಈಗ ಆ ಪಿಸ್ತೂಲು ಅಡುಗೆಮನೆಯ ಬಾಗಿಲ ಪಕ್ಕದ ಕಪಾಟಿನಲ್ಲಿ, ಉಪ್ಪಿನ ಡಬ್ಬದ ಮೇಲಿನ ಗೂಡಿನಲ್ಲಿದೆ. ಹಿತ್ತಾಳೆ ಕಪ್ಪಾಗಿದೆ, ಹಿಡಿಯಲ್ಲೊಂದು ಗೀರು ಬಿದ್ದಿದೆ. ಗಂಡಹೆಂಡತಿ ಇಬ್ಬರೂ ಭಾನುವಾರ ಮಧ್ಯಾಹ್ನ ನನ್ನ ಹಿತ್ತಲಿಗೆ ಬರುತ್ತಾರೆ. ನೋರೀನಳಿಗೆ ಐದು ಬೀಳುತ್ತದೆ, ಡೆಲ್ಮರನಿಗೆ ಒಮ್ಮೊಮ್ಮೆ ಒಂದು.

ಆದರೆ ಮಖಮಲ್ಲಿನ ಪೆಟ್ಟಿಗೆ ಊಟದ ಮೇಜಿನ ಮೇಲೆ ಇನ್ನೂ ಇದೆ, ನಾಲ್ಕು ಮೂಲೆಗೆ ಅಕ್ಕಿಯ ಬಟ್ಟಲಿನ ಸಮೇತ. ಮೊನ್ನೆ ಹೋದಾಗ ಅದರಲ್ಲೇನಿದೆ ಎಂದು ಕೇಳಿ ಕೈ ಚಾಚಿದೆ.

"ಏಯ್, ಮುಟ್ಬೇಡ!" ಡೆಲ್ಮರ್ ಓಡಿಬಂದು ಬಿಳಿ ಕೈಗವಸು ಕೊಟ್ಟ. ನಾನು ಹಾಕಿಕೊಂಡ ಮೇಲೆಯೇ ಮುಚ್ಚಳ ತೆರೆದ. ಪಿಸ್ತೂಲಿನ ಗುಳಿಯಲ್ಲಿ, ಪ್ರಮಾಣಪತ್ರದ ಪಕ್ಕ, ಮಡಿಕೆ ಬಿಚ್ಚಿದ ಒಂದು ಗುರಿಕಾಗದ. ಒಳಗೆ ಐದು ತೂತು, ಅಂಚಿನಾಚೆ ಒಂದು. ಅಲ್ಲಲ್ಲಿ ಜಿಡ್ಡು ಬೆರಳಿನ ಗುರುತು.

ಹಳೆಯ ಅಭ್ಯಾಸ, ನಾನು ಕರವಸ್ತ್ರ ತೆಗೆದು ಮೂಗಿಗೆ ಕಟ್ಟಿಕೊಳ್ಳಲು ಹೋದೆ.

"ಅದು ಬೇಡ," ಎಂದು ಡೆಲ್ಮರ್ ನನ್ನ ಕೈ ಹಿಡಿದ. "ಬಗ್ಗಿ ಮೂಸಿ ನೋಡು."